ಕಾಲಿಗೆ ಬಲ ಇದೆ, ಗಮನ ಸಾಲುತ್ತಿಲ್ಲ

ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವ ಹಿರಿಯರಲ್ಲಿ ಕೆಲವರಿಗೆ ತೊಡೆಯ ಬಲ ಚೆನ್ನಾಗಿರುತ್ತದೆ, ಮಂಡಿ ನೋವಿರುವುದಿಲ್ಲ, ಕಣ್ಣೂ ಸರಿಯಿರುತ್ತದೆ. ಆದರೂ ಬೀಳುತ್ತಾರೆ. ಮನೆಯವರನ್ನು ವಿಚಾರಿಸಿದರೆ "ಈಚೆಗೆ ಮರೆವು ಜಾಸ್ತಿ" ಅನ್ನುತ್ತಾರೆ. ಅಂಥ ಹಲವರ ಚೀಟಿಯಲ್ಲಿ ವೈದ್ಯರು ಎಂಸಿಐ (ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್) ಎಂದು ಬರೆದಿರುತ್ತಾರೆ. ಅಂದರೆ ನೆನಪು, ಯೋಚನೆ ವಯಸ್ಸಿಗೆ ಮೀರಿ ಕುಂದಿದೆ, ಆದರೆ ದಿನದ ಕೆಲಸ ತಾವೇ ಮಾಡಿಕೊಳ್ಳುತ್ತಾರೆ. ಇದು ಡಿಮೆನ್ಷಿಯಾ, ಅಂದರೆ ದಿನದ ಕೆಲಸಕ್ಕೂ ಅಡ್ಡಿಯಾಗುವಷ್ಟು ಮರೆವಿನ ಕಾಯಿಲೆ, ಅಲ್ಲ.

ನಡಿಗೆ ತಾನಾಗಿ ಆಗುತ್ತದೆ ಎಂದುಕೊಳ್ಳುತ್ತೇವೆ, ಅಲ್ವಾ? ಹಾಗಲ್ಲ. ಕಣ್ಣು, ಒಳಕಿವಿ, ಪಾದ ಹೇಳುವುದನ್ನೆಲ್ಲ ಮಿದುಳು ಪ್ರತಿ ಕ್ಷಣ ಸೇರಿಸಿ ನೋಡಬೇಕು. ವಯಸ್ಸಾದಂತೆ ಇದಕ್ಕೆ ಗಮನ ಜಾಸ್ತಿ ಬೇಕಾಗುತ್ತದೆ. ಎಂಸಿಐ ಇರುವ ಅನೇಕರಲ್ಲಿ ಆ ಗಮನವನ್ನು ಎರಡು ಕಡೆ ಹಂಚುವ ಶಕ್ತಿಯೇ ಕಡಿಮೆಯಾಗಿರುತ್ತದೆ.

ಅದಕ್ಕೇ ನಾನು ಪರೀಕ್ಷೆಯನ್ನು ಎರಡು ಸಲ ಮಾಡುತ್ತೇನೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ಮೊದಲ ಸಲ ಸುಮ್ನೆ ನಡಿಗೆ. ಎರಡನೇ ಸಲ 100ರಿಂದ ಮೂರು ಮೂರು ಕಳೆಯುತ್ತ ನಡೆಯಬೇಕು. ಆಗ ಗಡಿಯಾರಕ್ಕಿಂತ ಜಾಸ್ತಿ ನಾನು ಪಾದಗಳನ್ನೇ ನೋಡುತ್ತೇನೆ. ಹೆಜ್ಜೆ ಒಂದು ಉದ್ದ, ಒಂದು ಗಿಡ್ಡ ಆಗುತ್ತದೆ. ತಿರುಗುವ ಜಾಗದಲ್ಲಿ ಕೆಲವರು ನಿಂತೇಬಿಡುತ್ತಾರೆ. ಮಾತಾಡಿಸಿದರೆ ನಡಿಗೆ ನಿಲ್ಲಿಸುವ ಹಿರಿಯರು ಬೀಳುವ ಸಂಭವ ಜಾಸ್ತಿ ಎಂದು ಸ್ವೀಡನ್‌ನ ಸಂಶೋಧಕರು 1997ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು.

ಎಲ್ಲವನ್ನೂ ಮರೆವಿನ ತಲೆಗೆ ಕಟ್ಟುವುದಿಲ್ಲ. ಮಲಗಿದಾಗ, ಎದ್ದು ನಿಂತ ಮೇಲೆ ಬಿಪಿ ನೋಡುತ್ತೇನೆ. ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೆ ವೈದ್ಯರಿಗೆ ತಿಳಿಸುತ್ತೇನೆ. ನಿದ್ದೆ ಮಾತ್ರೆ ತಗೋತಾರಾ ಎಂದು ಕೇಳುತ್ತೇನೆ. ಬಿ12 ಕೊರತೆ ನೆನಪು, ಸಮತೋಲನ ಎರಡನ್ನೂ ಕೆಡಿಸಬಲ್ಲದು. ಅದರ ಪರೀಕ್ಷೆಯೂ ಆಗಿರಬೇಕು.

ಆಮೇಲೆ ಅಭ್ಯಾಸ. ಮೊದಲು ಬರೀ ಸಮತೋಲನ: ಆಸರೆ ಹಿಡಿದು ಪಾದದ ಹಿಂದೆ ಪಾದ ಇಟ್ಟು ನಿಲ್ಲುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು. ಅದು ಗಟ್ಟಿಯಾದ ಮೇಲೆ ನಡೆಯುತ್ತ ಪ್ರಾಣಿಗಳ ಹೆಸರು ಹೇಳಿಸುತ್ತೇನೆ, ನೀರು ತುಂಬಿದ ಲೋಟ ಹಿಡಿಸುತ್ತೇನೆ. ನಾನು ಪಕ್ಕದಲ್ಲೇ ಇರುತ್ತೇನೆ. ಒಂದು ಸಲಕ್ಕೆ ಒಂದೇ ಸೂಚನೆ. ದಿನಾ ಅದೇ ಕ್ರಮ, ಅದೇ ಕುರ್ಚಿ. ಮನೆಯಲ್ಲಿ ಮಾಡಬೇಕಾದದ್ದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಹೇಳುತ್ತೇನೆ.

ಮನೆಯವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಅಪ್ಪ ಮೆಟ್ಟಿಲು ಇಳಿಯುವಾಗ ಹಿಂದಿನಿಂದ "ಹುಷಾರು, ಹುಷಾರು" ಎಂದು ಕೂಗಬೇಡಿ. ಪ್ರೀತಿಯಿಂದಲೇ ಹೇಳುತ್ತೀರಿ, ಆದರೆ ಅವರ ಗಮನ ನಿಮ್ಮ ಕಡೆ ಹೋಗುತ್ತದೆ. ಬಾಯಿ ಮುಚ್ಚಿ ಕೈ ಹತ್ತಿರ ಇಟ್ಟುಕೊಳ್ಳಿ, ಕೆಳಗಿಳಿದ ಮೇಲೆ ಮಾತಾಡಿ.

ಕೆಲವು ತಿಂಗಳಿಗೊಮ್ಮೆ ಅದೇ ಪರೀಕ್ಷೆ ಮತ್ತೆ ಮಾಡುತ್ತೇನೆ. ಸುಮ್ನೆ ನಡೆದಾಗಿನ ವೇಗಕ್ಕೆ ಹೋಲಿಸಿದರೆ ಲೆಕ್ಕ ಮಾಡುತ್ತ ನಡೆದಾಗ ವೇಗ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದರೆ ನರರೋಗ ವೈದ್ಯರ ಹತ್ತಿರ ಕಳಿಸುತ್ತೇನೆ. ಎಂಸಿಐ ಇರುವ ಅಂಥವರಲ್ಲಿ ಡಿಮೆನ್ಷಿಯಾ ಬರುವ ಸಂಭವ ಜಾಸ್ತಿ ಎಂದು ಕೆನಡಾದ ಅಧ್ಯಯನವೊಂದು 2017ರಲ್ಲಿ ತೋರಿಸಿದೆ.