ಅಡಿ, ಗುಂಟೆ, ಟಿಎಂಸಿಗಳನ್ನು ಮೆಟ್ರಿಕ್ ಮಾನಗಳಿಗೆ ಪರಿವರ್ತಿಸುವ ಕ್ರಮ

ಭಾರತದಲ್ಲಿ 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಅಂಗೀಕಾರವಾಗಿ, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಳಕೆಗೆ ಬಂದಿತು. ಅಂಗಡಿಯ ತಕ್ಕಡಿ ಬಹುಬೇಗ ಕಿಲೋಗ್ರಾಮಿಗೆ ಒಗ್ಗಿಕೊಂಡಿತಾದರೂ, ನೆಲ ಮತ್ತು ನೀರಿನ ಲೆಕ್ಕಗಳು ಇಂದಿಗೂ ಅಡಿಯ ಆಧಾರದ ಮೇಲೆಯೇ ನಿಂತಿವೆ. ಪಹಣಿಯಲ್ಲಿ ಎಕರೆ ಮತ್ತು ಗುಂಟೆ, ಜಲಾಶಯದ ವರದಿಯಲ್ಲಿ ಟಿಎಂಸಿ ಮತ್ತು ಕ್ಯುಸೆಕ್. ವಿಜ್ಞಾನದ ಯೋಜನಾ ವರದಿಯನ್ನೋ ಕೃಷಿ ಲೆಕ್ಕವನ್ನೋ ಸಿದ್ಧಪಡಿಸುವವರು ಇವುಗಳನ್ನು ಅಂತರರಾಷ್ಟ್ರೀಯ ಮಾನಗಳಿಗೆ ತಾವಾಗಿಯೇ ಪರಿವರ್ತಿಸಿಕೊಳ್ಳಬೇಕಾಗುತ್ತದೆ.

ಈ ಎಲ್ಲ ಪರಿವರ್ತನೆಗಳಿಗೂ ನೆನಪಿನಲ್ಲಿರಬೇಕಾದ ಮೂಲಸಂಖ್ಯೆ ಒಂದೇ: ಒಂದು ಅಡಿ ಎಂದರೆ 0.3048 ಮೀಟರ್. ಇದು ಅಂದಾಜು ಬೆಲೆಯಲ್ಲ, 1959ರಿಂದ ಅಂತರರಾಷ್ಟ್ರೀಯ ಅಡಿಯ ವ್ಯಾಖ್ಯೆಯೇ ಇದು. ಮೀಟರನ್ನು 1983ರಿಂದ ಬೆಳಕಿನ ವೇಗದ ಮೂಲಕ, ಅಂದರೆ ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರವೆಂದು ವ್ಯಾಖ್ಯಾನಿಸಲಾಗಿದೆ. ಅಡಿಗೆ ಸ್ವತಂತ್ರವಾದ ಮಾನಕವಿಲ್ಲ. ಅದು ಮೀಟರನ್ನೇ ಅವಲಂಬಿಸಿದೆ.

ಲೆಕ್ಕ ಬರೆಯುವಾಗ ಸಂಖ್ಯೆಯ ಜೊತೆಗೆ ಮಾನವನ್ನೂ ಪ್ರತಿ ಹಂತದಲ್ಲಿ ಬರೆಯಬೇಕು. ಕೃಷ್ಣರಾಜಸಾಗರದ ಗರಿಷ್ಠ ನೀರಿನ ಮಟ್ಟವಾದ 124.80 ಅಡಿಯನ್ನು ಪರಿವರ್ತಿಸುವ ಕ್ರಮ ಹೀಗಿದೆ: 124.80 ಅಡಿ × (0.3048 ಮೀಟರ್ ÷ 1 ಅಡಿ) = 38.04 ಮೀಟರ್. ಅಂಶದಲ್ಲಿರುವ ಅಡಿ ಛೇದದಲ್ಲಿರುವ ಅಡಿಯೊಂದಿಗೆ ಹೊಡೆದುಹೋಗಿ ಮೀಟರ್ ಮಾತ್ರ ಉಳಿಯುತ್ತದೆ. ಹಾಗೆ ಹೊಡೆದುಹೋಗದಿದ್ದರೆ ಗುಣಿಸಬೇಕಾದಲ್ಲಿ ಭಾಗಿಸಿದ್ದೇವೆ ಎಂಬುದು ಉತ್ತರ ಬರುವ ಮೊದಲೇ ತಿಳಿಯುತ್ತದೆ. ಕ್ಯಾಲ್ಕುಲೇಟರ್ ಈ ಎಚ್ಚರಿಕೆಯನ್ನು ಕೊಡುವುದಿಲ್ಲ.

ವಿಸ್ತೀರ್ಣಕ್ಕೆ ಬಂದಾಗ ಪರಿವರ್ತನಾಂಕವನ್ನು ವರ್ಗಗೊಳಿಸಬೇಕು. ಒಂದು ಗುಂಟೆ ಎಂದರೆ ಮೂವತ್ತಮೂರು ಅಡಿ ಚೌಕ, ಅಂದರೆ 1,089 ಚದರ ಅಡಿ. ಇದನ್ನು 0.3048ರ ವರ್ಗವಾದ 0.092903ರಿಂದ ಗುಣಿಸಿದರೆ 101.17 ಚದರ ಮೀಟರ್ ದೊರೆಯುತ್ತದೆ. ನಲವತ್ತು ಗುಂಟೆಯ ಎಕರೆ 4,046.9 ಚದರ ಮೀಟರ್ ಆಗುತ್ತದೆ. 10,000 ಚದರ ಮೀಟರಿನ ಹೆಕ್ಟೇರ್ ಸುಮಾರು 2 ಎಕರೆ 19 ಗುಂಟೆಗೆ ಸಮ.

ಪಹಣಿಯನ್ನು ಓದುವಾಗ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಅಲ್ಲಿ 2.20 ಎಂದು ಕಾಣುವ ವಿಸ್ತೀರ್ಣ ದಶಮಾಂಶ ಸಂಖ್ಯೆಯಲ್ಲ. ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಚುಕ್ಕೆಯ ನಂತರದ ಸಂಖ್ಯೆಯನ್ನು ನಲವತ್ತರಿಂದ ಭಾಗಿಸಿ ಎಕರೆಗೆ ಸೇರಿಸಿಕೊಂಡ ಮೇಲೆಯೇ ಮುಂದಿನ ಲೆಕ್ಕಕ್ಕೆ ಹೋಗಬೇಕು. ನೇರವಾಗಿ 2.20 ಎಕರೆ ಎಂದೇ ಗುಣಿಸಿದರೆ ಹನ್ನೆರಡು ಗುಂಟೆ, ಅಂದರೆ ಸುಮಾರು 1,214 ಚದರ ಮೀಟರ್ ನೆಲ ಕಾಗದದ ಮೇಲೆಯೇ ಮಾಯವಾಗುತ್ತದೆ. ಕಂಪ್ಯೂಟರಿನ ಕೋಷ್ಟಕಕ್ಕೆ ಪಹಣಿಯ ಅಂಕಿಗಳನ್ನು ಇದ್ದಂತೆಯೇ ತುಂಬುವವರು ಈ ತಪ್ಪಿಗೆ ಸುಲಭವಾಗಿ ಒಳಗಾಗುತ್ತಾರೆ.

ಘನಗಾತ್ರಕ್ಕೆ ಅದೇ ಸಂಖ್ಯೆಯ ಘನವನ್ನು ಬಳಸಬೇಕು. ಒಂದು ಘನ ಅಡಿ 0.0283168 ಘನ ಮೀಟರ್, ಅಂದರೆ 28.3168 ಲೀಟರ್. ಲೀಟರ್ ಅಂತರರಾಷ್ಟ್ರೀಯ ಪದ್ಧತಿಯ ಮೂಲಮಾನವಲ್ಲದಿದ್ದರೂ ಅದರೊಂದಿಗೆ ಬಳಸಲು ಅನುಮತಿಯಿದೆ. ಟಿಎಂಸಿ ಎಂದರೆ ಸಾವಿರ ದಶಲಕ್ಷ, ಅಂದರೆ ನೂರು ಕೋಟಿ ಘನ ಅಡಿ. ಆದ್ದರಿಂದ ಒಂದು ಟಿಎಂಸಿ 2.83168 ಕೋಟಿ ಘನ ಮೀಟರಿಗೆ ಸಮ. ಕೃಷ್ಣರಾಜಸಾಗರದ 49.45 ಟಿಎಂಸಿ ಸಾಮರ್ಥ್ಯ 140.0 ಕೋಟಿ ಘನ ಮೀಟರ್ ಆಗುತ್ತದೆ. ಇದನ್ನು ಘನ ಕಿಲೋಮೀಟರಿನಲ್ಲಿ ಹೇಳಬೇಕಾದರೆ ಸಾವಿರದಿಂದ ಭಾಗಿಸುವಂತಿಲ್ಲ. ಸಾವಿರವನ್ನೂ ಘನಗೊಳಿಸಿ ನೂರು ಕೋಟಿಯಿಂದ ಭಾಗಿಸಬೇಕು. ಉತ್ತರ 1.400 ಘನ ಕಿಲೋಮೀಟರ್. ಕಾವೇರಿ ವಿವಾದದಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪು ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕೆಂದು ನಿಗದಿಪಡಿಸಿದ 177.25 ಟಿಎಂಸಿಯನ್ನು ಇದೇ ಕ್ರಮದಲ್ಲಿ 5.019 ಘನ ಕಿಲೋಮೀಟರ್ ಎಂದು ಬರೆಯಬಹುದು.

ಜಲಾಶಯದ ಮಟ್ಟವನ್ನು ಮಾತ್ರ ಹೀಗೆ ಗುಣಿಸಿ ನೀರಿನ ಪ್ರಮಾಣಕ್ಕೆ ಪರಿವರ್ತಿಸಲಾಗದು. ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಮೇಲಿನ ಒಂದು ಅಡಿಯಲ್ಲಿ ತಳದ ಒಂದು ಅಡಿಗಿಂತ ಬಹಳ ಹೆಚ್ಚು ನೀರು ನಿಲ್ಲುತ್ತದೆ. ಅದಕ್ಕೆ ಆಯಾ ಜಲಾಶಯದ ಸಾಮರ್ಥ್ಯ ಕೋಷ್ಟಕವನ್ನೇ ನೋಡಬೇಕು.

ಕ್ಯುಸೆಕ್ ಹರಿವಿನ ಮಾನ: ಸೆಕೆಂಡಿಗೆ ಒಂದು ಘನ ಅಡಿ. ಆದ್ದರಿಂದ 10,000 ಕ್ಯುಸೆಕ್ ಎಂದರೆ ಸೆಕೆಂಡಿಗೆ 283.168 ಘನ ಮೀಟರ್. ದಿನವೊಂದಕ್ಕೆ ಎಷ್ಟು ನೀರು ಹರಿಯಿತೆಂದು ತಿಳಿಯಲು ದಿನದ 86,400 ಸೆಕೆಂಡುಗಳಿಂದ ಗುಣಿಸಿದರೆ ಸುಮಾರು 2.45 ಕೋಟಿ ಘನ ಮೀಟರ್ ಬರುತ್ತದೆ. ‘ದಿನಕ್ಕೆ ಇಷ್ಟು ಕ್ಯುಸೆಕ್’ ಎಂದು ಬರೆಯುವ ರೂಢಿಯನ್ನು ಬಿಡುವುದು ಒಳ್ಳೆಯದು, ಏಕೆಂದರೆ ಕಾಲದ ಅಂಶ ಆ ಮಾನದೊಳಗೆ ಈಗಾಗಲೇ ಸೇರಿದೆ.

ಮಳೆಯ ಲೆಕ್ಕ ಎಲ್ಲಕ್ಕಿಂತ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಮೂವತ್ತು-ನಲವತ್ತರ ನಿವೇಶನದಷ್ಟೇ ವಿಸ್ತಾರದ ತಾರಸಿ 111.5 ಚದರ ಮೀಟರ್ ಇರುವುದರಿಂದ, ಅದರ ಮೇಲೆ 20 ಮಿಲಿಮೀಟರ್ ಮಳೆ ಬಿದ್ದಾಗ 2,230 ಲೀಟರ್ ನೀರು ಬೀಳುತ್ತದೆ. ತೊಟ್ಟಿಗೆ ತಲುಪುವುದು ಇದಕ್ಕಿಂತ ಸ್ವಲ್ಪ ಕಡಿಮೆ.

ಅಂಕಿಗಳನ್ನು ಮೊಟಕುಗೊಳಿಸುವ ಕೆಲಸವನ್ನು ಕೊನೆಯ ಹಂತದಲ್ಲಿ ಮಾತ್ರ ಮಾಡಬೇಕು. ಮೂಲ ಅಳತೆಯಲ್ಲಿ ನಾಲ್ಕು ಸಾರ್ಥಕ ಅಂಕಿಗಳಿದ್ದರೆ, ಅಂದರೆ ನಿಜವಾಗಿ ಅಳೆದು ತಿಳಿದ ಅಂಕಿಗಳು ನಾಲ್ಕಿದ್ದರೆ, ಉತ್ತರದಲ್ಲಿಯೂ ನಾಲ್ಕೇ ಇರಲಿ. ಮೇಲಿನ ಹರಿವನ್ನು 2,44,65,755 ಘನ ಮೀಟರ್ ಎಂದು ಬರೆದರೆ ನದಿಯನ್ನು ಕೊಡದಲ್ಲಿ ಅಳೆದಂತೆ ತೋರುತ್ತದೆ. ಬಳಿಕ ಉತ್ತರವನ್ನು ಬೇರೊಂದು ದಾರಿಯಿಂದ ಪರೀಕ್ಷಿಸಬೇಕು: 10,000 ಘನ ಅಡಿಯನ್ನು 86,400ರಿಂದ ಗುಣಿಸಿದರೆ 86.4 ಕೋಟಿ ಘನ ಅಡಿ, ಅಂದರೆ 0.864 ಟಿಎಂಸಿ, ಅದನ್ನು 2.83168 ಕೋಟಿಯಿಂದ ಗುಣಿಸಿದಾಗ ಮತ್ತೆ 2.45 ಕೋಟಿ ಘನ ಮೀಟರೇ ಬರಬೇಕು.