ಕನ್ನಡ ಪುಸ್ತಕದ ಅಳತೆಗೆ ಒಂದು ಕಪಾಟು

ಅಂಗಡಿಯ ಬುಕ್ ಶೆಲ್ಫ್ ಸಾಮಾನ್ಯವಾಗಿ ಒಂದಡಿ ಆಳ ಇರುತ್ತದೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ವನ್ ಬಿಎಚ್‌ಕೆಯಲ್ಲಿ ಒಂದಡಿ ಅಂದರೆ ಓಡಾಡುವ ದಾರಿಯೇ ಹೋಯಿತು. ಕನ್ನಡ ಪುಸ್ತಕಕ್ಕೆ ಅಷ್ಟು ಆಳ ಬೇಕಾಗಿಯೂ ಇಲ್ಲ. ಮೊದಲ ಪುಟಗಳಲ್ಲಿ ‘ಡೆಮಿ 1/8’ ಅಂತ ಅಚ್ಚಾಗಿರುತ್ತದಲ್ವಾ? ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಕಾದಂಬರಿಯೋ, ಅಂತರಿಕ್ಷ ನೌಕೆಯ ಕತೆಯೋ, ಹೆಚ್ಚಿನವು ಇದೇ ಸೈಜು. 200 ಮಿ.ಮೀ. ಆಳ ಧಾರಾಳ ಸಾಕು.

ಪ್ಲೈವುಡ್ ಹಾಳೆ 2440 × 1220 ಮಿ.ಮೀ. ಇರುತ್ತದೆ. ಅದರಲ್ಲಿ 200ರ ಆರು ಪಟ್ಟಿ ಬರುತ್ತವೆ. ಅಂಗಡಿಯಲ್ಲಿ ‘ಎಂಟಿಂಚು’ (203 ಮಿ.ಮೀ.) ಅಂದರೆ ಆರನೆಯದು ಸಣ್ಣದಾಗುತ್ತದೆ, ಏಕೆಂದರೆ ಮೆಷಿನ್ ಗರಗಸ ಪ್ರತಿ ಸಲ ಮೂರು ಮಿ.ಮೀ.ಯಷ್ಟು ತಿನ್ನುತ್ತದೆ. ಆದ್ದರಿಂದ ಚೀಟಿಯಲ್ಲಿ ಮಿಲಿಮೀಟರಲ್ಲೇ ಬರೆದು ಕೊಡಿ. ಪಟ್ಟಿಯನ್ನು ಉದ್ದಕ್ಕೇ ಸೀಳಿಸಿ. ಮೇಲ್ಪದರದ ನಾರು ಆ ಕಡೆಗೇ ಓಡುವುದರಿಂದ ಹಲಗೆ ಗಟ್ಟಿ ನಿಲ್ಲುತ್ತದೆ.

ದಪ್ಪ 18 ಮಿ.ಮೀ. ಇರಲಿ. ಹಾಳೆಯ ಮೇಲೆ ನೀರು ತಾಳುವ ಪ್ಲೈಯ ಐಎಸ್ 710 ಮುದ್ರೆ ನೋಡಿಯೇ ತೆಗೆದುಕೊಳ್ಳಿ. ಐಎಸ್ 303ರ ಎಂಆರ್ ಗ್ರೇಡ್ (ಬರೀ ತೇವ ತಡೆಯುವಂಥದು) ಅಗ್ಗ. ‘ಆಂಟಿ, ಕಿತಾಬ್ ಕೇ ಲಿಯೇ ಇತ್ನಾ ಮೆಹಂಗಾ ಕಾಯ್ಕೋ?’ (ಪುಸ್ತಕಕ್ಕೆ ಇಷ್ಟು ದುಬಾರಿಯದು ಯಾಕೆ?) ಅಂತ ಅಂಗಡಿಯವನು ಕೇಳುತ್ತಾನೆ, ಕೇಳಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ.

ಕಪಾಟಿನ ಅಗಲದಲ್ಲಿ ಮಾತ್ರ ಆಸೆ ಬೇಡ. ಹಲಗೆ 750 ಮಿ.ಮೀ. ದಾಟಬಾರದು. ಉದ್ದ ಎರಡು ಪಟ್ಟಾದರೆ, ಪೂರ್ತಿ ಪುಸ್ತಕ ತುಂಬಿದಾಗ ಹಲಗೆ ಬಾಗುವುದು ಹದಿನಾರು ಪಟ್ಟು. ಇಷ್ಟು ಗಿಡ್ಡ ಹಲಗೆಯ ಮೇಲೂ ಹದಿನೈದು ಕಿಲೋ ಹತ್ತಿರ ಭಾರ ಕೂರುತ್ತದೆ. ನಾಲ್ಕಡಿ ಹಲಗೆಯ ಶೆಲ್ಫು ಕಂಡಾಗಲೆಲ್ಲ ನನ್ನ ಕಣ್ಣು ನಡುಭಾಗಕ್ಕೇ ಹೋಗುತ್ತದೆ.

ಎರಡು ಪಟ್ಟಿಯನ್ನು 1830ಕ್ಕೆ ಕತ್ತರಿಸಿದರೆ ಎರಡೂ ಪಕ್ಕ ಆಯಿತು. ಉಳಿದ ನಾಲ್ಕರಿಂದ 750ರ ಹನ್ನೆರಡು ತುಂಡು. ಎಂಟು ಹಲಗೆಗೆ, ಮೂರು ಬೆನ್ನಿಗೆ, ಒಂದು ಉಳಿಯುತ್ತದೆ. ಇದನ್ನೆಲ್ಲ ಅಂಗಡಿಯಲ್ಲೇ ಕತ್ತರಿಸಿ ತನ್ನಿ. ಎಂಟಡಿ ಪಟ್ಟಿ ನಮ್ಮ ಲಿಫ್ಟಿನಲ್ಲಿ ಹಿಡಿಸುವುದಿಲ್ಲ, ಆರಡಿಯದು ಹಿಡಿಸುತ್ತದೆ.

ಹಲಗೆಗಳ ನಡುವೆ 240 ಮಿ.ಮೀ. ಬಿಡಿ. ಎರಡೂ ಪಕ್ಕವನ್ನು ಜೋಡಿಸಿಟ್ಟು ಒಟ್ಟಿಗೇ ಗೆರೆ ಎಳೆದರೆ ಹಲಗೆ ಓರೆಯಾಗುವುದಿಲ್ಲ. ಪಕ್ಕದಿಂದ ಎರಡಿಂಚಿನ 8 ನಂಬರ್ ಸ್ಕ್ರೂ, ಹಲಗೆಯ ಪ್ರತಿ ತುದಿಗೆ ಎರಡು, ಜೊತೆಗೆ ನೀರು ತಾಳುವ ಫೆವಿಕಾಲ್. ಸ್ಕ್ರೂ ಹಾಕುವ ಮೊದಲು ಹಲಗೆಯ ಅಂಚಿಗೆ 3 ಮಿ.ಮೀ. ಬಿಟ್‌ನಿಂದ ತೂತು ಕೊರೆಯಲೇಬೇಕು. ಇಲ್ಲದಿದ್ದರೆ ಪ್ಲೈ ಪದರ ಬಿಟ್ಟುಕೊಳ್ಳುತ್ತದೆ. (ಮಧ್ಯಾಹ್ನ ಎರಡರಿಂದ ನಾಲ್ಕು ಡ್ರಿಲ್ ಮುಟ್ಟಬೇಡಿ. ಕೆಳಮನೆಯ ಕಾಕೂ ನಿದ್ದೆ ಮಾಡುವ ಹೊತ್ತು.) ಬೆನ್ನಿನ ತುಂಡುಗಳನ್ನು ಮೇಲೆ, ನಡುವೆ, ಕೆಳಗೆ ಹಿಂಬದಿಗೆ ನಿಲ್ಲಿಸಿ ಬಿಗಿಯಿರಿ. ಅವಿಲ್ಲದೆ ಕಪಾಟು ಪಕ್ಕಕ್ಕೆ ವಾಲುತ್ತದೆ.

ಉಜ್ಜುವ ಮರಳು ಕಾಗದಕ್ಕೆ ‘ಪಾಲಿಶ್ ಪೇಪರ್’ ಅಂತ ಕೇಳಿ. ಮೊದಲು 120 ನಂಬರಿನದು, ಆಮೇಲೆ 220. ವಾರ್ನಿಷನ್ನು ಬೇಸಿಗೆಯಲ್ಲೇ ಹಚ್ಚಿ. ಅಂಚಿಗೆ ಜಾಸ್ತಿ ಹಚ್ಚಿ, ಪ್ಲೈ ನೀರು ಕುಡಿಯುವುದು ಅಲ್ಲಿಂದಲೇ.

ಮಳೆ ಬಡಿಯುವ ಹೊರಗೋಡೆಗೆ ಕಪಾಟು ಇಡಲೇಬೇಡಿ. ಒಳಗೋಡೆಯಲ್ಲೂ ಕಪಾಟಿನ ಹಿಂದೆ ಒಂದು ಪ್ಲೈ ಚೂರಿಟ್ಟು, ಗಾಳಿಯಾಡಲು ಜಾಗ ಬಿಟ್ಟು, ಮೇಲಿನ ಬೆನ್ನುಹಲಗೆಯನ್ನು ಎಲ್ ಕ್ಲ್ಯಾಂಪ್‌ನಿಂದ ಗೋಡೆಗೆ ಕಚ್ಚಿಸಿ. ಆಳ ಕಡಿಮೆ ಇರುವ ಕಪಾಟು ಮಕ್ಕಳು ಹತ್ತಿದರೆ ಮುಂದಕ್ಕೆ ಬೀಳುತ್ತದೆ. ನಿಘಂಟುಗಳು ಕೆಳಗಿರಲಿ. ದೀಪಾವಳಿ ವಿಶೇಷಾಂಕಗಳು ನಿಲ್ಲುವುದಿಲ್ಲ, ಮಲಗಿಸಿ. ಉಳಿದ ಹನ್ನೆರಡನೇ ತುಂಡನ್ನು ನಮ್ಮ ಮೊಮ್ಮಗ ರಾಕೆಟ್ ಇಳಿಯುವ ಕಟ್ಟೆ ಮಾಡಿಕೊಂಡಿದ್ದಾನೆ. ಕೇಳಿದರೆ ಕೊಡುವುದಿಲ್ಲ.