ಬರೆಯುವಾಗ ಸಂಗೀತವೋ ಮೌನವೋ: ಗೊತ್ತುಮಾಡಿಕೊಳ್ಳುವ ಬಗೆ

ಬೆಂಗಳೂರಿನಲ್ಲಿ ಬರೆಯಲು ಕುಳಿತವರಿಗೆ ಪೂರ್ತಿ ಮೌನ ಸಿಗುವುದು ಅಪರೂಪ. ಹೆಚ್ಚಿನ ದಿನಗಳಲ್ಲಿ ನಮ್ಮ ಮುಂದಿರುವುದು ನಾವೇ ಹಾಕಿಕೊಂಡ ಸಂಗೀತ ಅಥವಾ ಪಕ್ಕದ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಸದ್ದು, ಇವೆರಡೇ. ಹೀಗಿರುವಾಗ ಸದ್ದಿನ ಜೋರಿಗಿಂತ ಮೊದಲು ಅದರಲ್ಲಿ ಮಾತು ಸೇರಿದೆಯೇ ಎಂಬುದನ್ನು ಗಮನಿಸಬೇಕು. ಒಮ್ಮೆ ಕೆರೆಯೊಂದರ ಕುರಿತು ಬರೆಯುತ್ತಿದ್ದಾಗ, ಮನೆಯ ಮುಂದೆ ಈರುಳ್ಳಿ ಗಾಡಿಯ ಮೈಕು ‘ನೂರಕ್ಕೆ ನಾಲ್ಕು ಕೆಜಿ’ ಎಂದು ಕೂಗುತ್ತ ಹೋಯಿತು. ಸಂಜೆ ಓದಿದರೆ ಎರಡು ಎಕರೆಯ ಕೆರೆ ನನ್ನ ಬರಹದಲ್ಲಿ ನಾಲ್ಕು ಎಕರೆಯಾಗಿತ್ತು. ಅದೇ ಹೊತ್ತಿಗೆ ಮೊರೆಯುತ್ತಿದ್ದ ನೀರಿನ ಮೋಟರು ಒಂದಕ್ಷರವನ್ನೂ ಕೆಡಿಸಿರಲಿಲ್ಲ.

ಅರ್ಥವಾಗದ ಭಾಷೆಯ ಹಾಡಾದರೆ ತೊಂದರೆಯಿಲ್ಲ ಎಂದು ಹಲವರು ನಂಬುತ್ತಾರೆ. ಆದರೆ 1976ರಲ್ಲಿ ಮನೋವಿಜ್ಞಾನಿಗಳಾದ ಕೋಲ್ ಮತ್ತು ವೆಲ್ಷ್ ನಡೆಸಿದ ಪ್ರಯೋಗದಲ್ಲಿ, ಜರ್ಮನ್ ಬಾರದವರು ಕೂಡ ಜರ್ಮನ್ ಮಾತು ಕಿವಿಗೆ ಬೀಳುತ್ತಿದ್ದಾಗ ತಾವು ನೋಡಿದ ಅಕ್ಷರಗಳ ಕ್ರಮವನ್ನು ನೆನಪಿಟ್ಟುಕೊಳ್ಳುವಲ್ಲಿ ಎಡವಿದರು. ಬರವಣಿಗೆಯನ್ನೇ ಪರೀಕ್ಷಿಸಿದ ರಾನ್ಸ್‌ಡೆಲ್ ಮತ್ತು ಗಿಲ್ರಾಯ್, ಹಿನ್ನೆಲೆ ಸಂಗೀತದಿಂದ ಕಾಲೇಜು ವಿದ್ಯಾರ್ಥಿಗಳ ಬರವಣಿಗೆಯ ಓಘ ಕುಂದುತ್ತದೆ ಎಂದು 2001ರಲ್ಲಿ ವರದಿ ಮಾಡಿದರು.

ಹಾಗಾದರೆ ವಾದ್ಯಸಂಗೀತ ಸಾಕೆನ್ನಬಹುದು. ಕರ್ನಾಟಕ ಸಂಗೀತವನ್ನು ಕೇಳುತ್ತ ಬೆಳೆದವರಿಗೆ ಇಲ್ಲೊಂದು ತೊಡಕಿದೆ: ವೀಣೆಯಲ್ಲಿ ಪರಿಚಿತ ಕೃತಿಯೋ ದೇವರನಾಮವೋ ಮೊದಲಾದೊಡನೆ ಅದರ ಸಾಹಿತ್ಯ ತಾನಾಗಿ ಮನಸ್ಸಿನಲ್ಲಿ ಹಾಡಿಕೊಳ್ಳತೊಡಗುತ್ತದೆ, ಅಂದರೆ ವಾದ್ಯ ನುಡಿಸಿದರೂ ಕೇಳುವುದು ಮಾತೇ. ಆದ್ದರಿಂದ ಸಾಹಿತ್ಯವೂ ತಾಳವೂ ಇಲ್ಲದ ರಾಗಾಲಾಪನೆಯನ್ನೋ ವೀಣೆಯ ತಾನವನ್ನೋ ಆರಿಸಿಕೊಳ್ಳಿ. ಅದೂ ಸೆಳೆಯುವಂತಿದ್ದರೆ ಬರಿಯ ತಂಬೂರಿ ಶ್ರುತಿಯೇ ಸಾಕು. ತಲೆಯ ಮೇಲಿನ ಫ್ಯಾನಿನ ಸದ್ದು ಕೇಳಿಸುವಷ್ಟು ಮೆಲ್ಲಗೆ ಇರಲಿ.

ನಿಮ್ಮ ಮಟ್ಟಿಗೆ ಯಾವುದು ಒಗ್ಗುತ್ತದೆಂದು ತಿಳಿಯಲು ಎಂಟು ದಿನ ಒಂದೇ ಹೊತ್ತಿಗೆ ನಲವತ್ತು ನಿಮಿಷ ಬರೆಯಿರಿ, ಒಂದು ದಿನ ಸಂಗೀತ ಹಾಕಿ, ಮರುದಿನ ಹಾಕದೆ. ಆಯಾ ದಿನ ಎಷ್ಟು ಪುಟ ತುಂಬಿತೆಂದು ಲೆಕ್ಕ ಹಾಕಬೇಡಿ. ಮರುದಿನ ಬೆಳಗ್ಗೆ ಓದಿದಾಗ ಹೊಡೆದುಹಾಕದೆ ಉಳಿದ ಸಾಲುಗಳನ್ನು ಎಣಿಸಿ. ಸಂಗೀತದ ದಿನ ಬರೆದದ್ದು ಬರೆಯುವಾಗ ಬಹಳ ಚೆನ್ನಾಗಿ ಕಾಣುತ್ತದೆ, ಆ ಚೆಲುವಿನಲ್ಲಿ ರಾಗದ ಪಾಲೆಷ್ಟು ಎಂಬುದು ಬೆಳಗ್ಗೆಯೇ ಗೊತ್ತಾಗುವುದು.

ತಿದ್ದುವ ಕೆಲಸಕ್ಕೆ ಮಾತ್ರ ನನ್ನ ಮಟ್ಟಿಗೆ ಮೌನವೇ ಬೇಕು, ಏಕೆಂದರೆ ವಾಕ್ಯದ ಲಯ ಕಿವಿಗೆ ಬೀಳದೆ ಅದರ ಕುಂಟು ಕಾಣದು. ಇದಕ್ಕಾಗಿ ನಾನು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗುತ್ತೇನೆ. ಅಲ್ಲಿ ಗಟ್ಟಿಯಾಗಿ ಓದುವಂತಿಲ್ಲವಾದ್ದರಿಂದ, ಅನುಮಾನ ಬಂದ ವಾಕ್ಯಗಳ ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು, ಹೊರಗಿನ ಬೆಂಚಿಗೆ ಬಂದು ಒಂದೊಂದನ್ನೇ ದನಿಯೆತ್ತಿ ಓದಿ ನೋಡುತ್ತೇನೆ.